ಏನೂ ಸಿಗದಿದ್ದರೂ ಪಾಸಾದ ಯಂತ್ರ: ಲೈಗೋಗೆ ಸರ್ಕಾರದ ದುಡ್ಡು ಬಂದ ಕಥೆ

ನೀವೊಬ್ಬ ಸರ್ಕಾರಿ ಅಧಿಕಾರಿ ಅಂತ ಇಟ್ಟುಕೊಳ್ಳಿ. ಮೇಜಿನ ಮೇಲೆ ಒಂದು ಫೈಲು ಬಂದಿದೆ. ನಾಲ್ಕು ಕಿಲೋಮೀಟರ್ ಉದ್ದದ ಕೊಳವೆಗಳಿರುವ ಎರಡು ಯಂತ್ರ ಕಟ್ಟಬೇಕಂತೆ. ಆ ನಾಲ್ಕು ಕಿಲೋಮೀಟರಿನಲ್ಲಿ ಒಂದು ಪ್ರೋಟಾನಿನ ಅಗಲದ ಸಾವಿರದ ಒಂದು ಭಾಗದಷ್ಟು ವ್ಯತ್ಯಾಸ ಬಂದರೂ ಹಿಡಿಯಬೇಕಂತೆ. ಹಿಡಿಯಬೇಕಾದ ಗುರುತ್ವ ಅಲೆಯನ್ನು ಈವರೆಗೆ ಯಾರೂ ನೇರವಾಗಿ ಕಂಡಿಲ್ಲ. ಕಂಡೆ ಅಂದ ಒಬ್ಬರ ಮಾತು ನಿಲ್ಲಲಿಲ್ಲ. ಬೇಕಾದ ಎಷ್ಟೋ ಉಪಕರಣಗಳು ಇನ್ನೂ ಹುಟ್ಟಿಯೇ ಇಲ್ಲ. ಖರ್ಚು ನೋಡಿದರೆ ನಿಮ್ಮ ಸಂಸ್ಥೆ ಹಿಂದೆಂದೂ ಒಂದೇ ಯೋಜನೆಗೆ ಕೊಡದಷ್ಟು. ಇದೆಲ್ಲ ಸಾಲದು ಅಂತ, ಮೊದಲ ಯಂತ್ರ ಕಟ್ಟಿದ ಮೇಲೂ ಏನೂ ಸಿಗದೇ ಹೋಗಬಹುದು ಅಂತ ದುಡ್ಡು ಕೇಳುವವರೇ ಹೇಳುತ್ತಿದ್ದಾರೆ. ಸಹಿ ಹಾಕುತ್ತೀರಾ?

ಈ ಯಂತ್ರಗಳ ಹೆಸರೇ ಲೈಗೋ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ, ಅಂದರೆ ಎನ್‌ಎಸ್‌ಎಫ್, ಸಹಿ ಹಾಕಿತು. ಅದೂ ನಲವತ್ತು ವರ್ಷ ಮತ್ತೆ ಮತ್ತೆ. ಒಟ್ಟು ಸುಮಾರು 110 ಕೋಟಿ ಡಾಲರ್. 2015ರ ಸೆಪ್ಟೆಂಬರ್ 14ರಂದು ಅಲೆ ಸಿಕ್ಕಿತು. 2017ರಲ್ಲಿ ನೊಬೆಲ್ ಬಂತು. ಆಮೇಲೆ ಎಲ್ಲರೂ ದೂರದೃಷ್ಟಿ ಅಂದರೆ ಇದು ಅಂತ ಹೊಗಳಿದರು. ಗೆದ್ದ ಕುದುರೆಯನ್ನು ಹೊಗಳೋಕೆ ಯಾರಪ್ಪನ ಗಂಟು ಹೋಗಬೇಕು? ನನಗೆ ಕುತೂಹಲ ಇರೋದು ನಡುವಿನ ವರ್ಷಗಳ ಬಗ್ಗೆ. ಯಾರ ಮೇಜಿನ ಮೇಲೆ ಫೈಲು ಕೂತಿತ್ತು, ಯಾವ ಸಮಿತಿ ಏನಂದಿತು, ಯಾವಾಗ ದುಡ್ಡು ನಿಂತಿತು, ಯಾವ ಷರತ್ತಿನ ಮೇಲೆ ಮತ್ತೆ ಹರಿಯಿತು. ದೊಡ್ಡ ಕನಸಿನ ಸಂಶೋಧನೆಗೆ ಅನುದಾನ ಕೊಡೋದು ಹೇಗೆ ಅನ್ನೋ ಪಾಠ ಅಲ್ಲೇ ಇದೆ, ಕಪ್ಪು ರಂಧ್ರಗಳಲ್ಲಿ ಅಲ್ಲ.

ಕೆಟ್ಟ ಹೆಸರಿನ ಕ್ಷೇತ್ರ

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಐನ್‌ಸ್ಟೈನ್ 1916ರಲ್ಲಿ ಗುರುತ್ವ ಅಲೆಗಳ ಬಗ್ಗೆ ಬರೆದರು. ಭಾರಿ ತೂಕದ ಕಾಯಗಳು ಒಂದನ್ನೊಂದು ಸುತ್ತಿ ಡಿಕ್ಕಿಯಾದಾಗ ಸ್ಥಳವೇ ಹಿಗ್ಗಿ ಕುಗ್ಗಿ, ಆ ಅಲುಗಾಟ ಸುತ್ತಲೂ ಹರಡುತ್ತದೆ ಅನ್ನೋದು ಲೆಕ್ಕ. ನಮ್ಮ ತನಕ ಬರುವಷ್ಟರಲ್ಲಿ ಅದು ಎಷ್ಟು ಕ್ಷೀಣವಾಗಿರುತ್ತದೆ ಅಂದರೆ, ಅಳೆಯುವ ಮಾತೇ ಇಲ್ಲ ಅಂತ ದಶಕಗಟ್ಟಲೆ ಎಲ್ಲರೂ ಸುಮ್ನಿದ್ದರು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋಸೆಫ್ ವೆಬರ್ ಮಾತ್ರ ಸುಮ್ನಿರಲಿಲ್ಲ. ದೊಡ್ಡ ದೊಡ್ಡ ಅಲ್ಯೂಮಿನಿಯಂ ಉರುಳೆಗಳನ್ನು ತೂಗುಹಾಕಿ, ಅಲೆ ಹಾದು ಹೋದರೆ ಇವು ನಡುಗುತ್ತವೆ ಅಂತ ಕಾದು ಕೂತರು. 1969ರಲ್ಲಿ ಸಿಕ್ಕಿತು ಅಂತ ಸಾರಿದರು. ಬೇರೆ ಲ್ಯಾಬುಗಳವರು ಅದೇ ಥರದ ಉರುಳೆ ಮಾಡಿ ನೋಡಿದರು. ಯಾರಿಗೂ ಏನೂ ಸಿಗಲಿಲ್ಲ. ಕೆಲವೇ ವರ್ಷದಲ್ಲಿ ಗುರುತ್ವ ಅಲೆ ಹುಡುಕುತ್ತೇನೆ ಅಂದರೆ ಜನ ಅನುಮಾನದಿಂದ ನೋಡುವ ಹಾಗಾಯಿತು.

ಇದೇ ಹೊತ್ತಿಗೆ ಎಂಐಟಿಯಲ್ಲಿ ರೈನರ್ ವೈಸ್ ಸಾಪೇಕ್ಷತಾ ಸಿದ್ಧಾಂತದ ಕ್ಲಾಸು ತೆಗೆದುಕೊಳ್ಳುತ್ತಿದ್ದರು. ವೆಬರ್ ಏನು ಮಾಡುತ್ತಿದ್ದಾರೆ ಅಂತ ವಿದ್ಯಾರ್ಥಿಗಳು ಕೇಳಿದರು. ವೈಸ್‌ಗೆ ಅದು ಸರಿಯಾಗಿ ತಲೆಗೆ ಹತ್ತಲಿಲ್ಲ. ಬದಲಿಗೆ ತಮಗೆ ಅರ್ಥವಾಗುವ ದಾರಿಯೊಂದನ್ನು ಲೆಕ್ಕದ ರೂಪದಲ್ಲಿ ಕ್ಲಾಸಿಗೆ ಕೊಟ್ಟರು. ಬೆಳಕನ್ನು ಎರಡು ದಿಕ್ಕಿಗೆ ಕಳಿಸಿ, ಕನ್ನಡಿಗೆ ಬಡಿದು ವಾಪಸ್ ಬರುವ ಹೊತ್ತಿನಲ್ಲಿ ವ್ಯತ್ಯಾಸ ಬರುತ್ತದಾ ಅಂತ ನೋಡಿದರೆ ಹೇಗೆ? ಈ ಯೋಚನೆ ಹೊಳೆದದ್ದು ಅವರೊಬ್ಬರಿಗೇ ಅಲ್ಲ. ಆದರೆ 1972ರಲ್ಲಿ ಎಂಐಟಿಯ ಒಳಗಿನ ತ್ರೈಮಾಸಿಕ ವರದಿಗೆ ಅವರು ಬರೆದದ್ದು ಬೇರೆಯೇ ಮಟ್ಟದ್ದು. ಅಲೆಯ ಬಗ್ಗೆ ಬರೆದದ್ದಕ್ಕಿಂತ ಅಡ್ಡಿಗಳ ಬಗ್ಗೆ ಬರೆದದ್ದೇ ಅದರಲ್ಲಿ ಜಾಸ್ತಿ. ನೆಲ ನಡುಗೋದು, ಕನ್ನಡಿಯ ಕಣಗಳು ಶಾಖಕ್ಕೆ ಕುಣಿಯೋದು, ಲೇಸರ್ ಬೆಳಕು ಏರಿಳಿಯೋದು, ಕೊಳವೆಯಲ್ಲಿ ಉಳಿದುಕೊಂಡ ಅನಿಲ, ಹೀಗೆ ಯಾವ್ಯಾವುದು ಎಷ್ಟೆಷ್ಟು ಕಾಟ ಕೊಡುತ್ತದೆ ಅಂತ ಒಂದೊಂದಾಗಿ ಲೆಕ್ಕ ಹಾಕಿಟ್ಟಿದ್ದರು. ಆ ಪಟ್ಟಿಯನ್ನು ನೆನಪಲ್ಲಿಟ್ಟುಕೊಳ್ಳಿ. ಮುಂದೆ ಅನುದಾನದ ಕಥೆ ಪೂರ್ತಿ ಅದರ ಮೇಲೇ ನಿಂತಿದೆ.

ಆಗ ವೈಸ್‌ಗೆ ದುಡ್ಡು ಬರುತ್ತಿದ್ದದ್ದು ಸೇನೆಯಿಂದ. ಎಂಐಟಿಯ ಆ ಲ್ಯಾಬಿಗೆ ಮಿಲಿಟರಿಯವರು ಒಟ್ಟಿಗೆ ಒಂದು ಮೊತ್ತ ಕೊಡುತ್ತಿದ್ದರು, ಅದರಲ್ಲಿ ಯಾರು ಏನು ಮಾಡುತ್ತೀರಿ ಅಂತ ಜಾಸ್ತಿ ವಿಚಾರಿಸುತ್ತಿರಲಿಲ್ಲ. ವಿಯೆಟ್ನಾಂ ಯುದ್ಧದ ಕಾಲ ಅದು. ಸೇನೆಯ ಕೆಲಸಕ್ಕೆ ನೇರ ಸಂಬಂಧವಿಲ್ಲದ ಸಂಶೋಧನೆಗೆ ಸೇನೆ ದುಡ್ಡು ಹಾಕಬಾರದು ಅಂತ ಸೆನೆಟರ್ ಮ್ಯಾನ್ಸ್‌ಫೀಲ್ಡ್ ತಂದ ತಿದ್ದುಪಡಿ ಪಾಸಾಯಿತು. ವೈಸ್‌ಗೆ ನಲ್ಲಿ ಬಂದ್ ಆಯಿತು. ಎನ್‌ಎಸ್‌ಎಫ್ ಬಾಗಿಲು ತಟ್ಟಿದರು. ಮೊದಲ ಅರ್ಜಿ ಪಾಸಾಗಲಿಲ್ಲ. ತಮಾಷೆ ಅಂದರೆ, ಅಭಿಪ್ರಾಯ ಕೇಳೋಕೆ ಅಂತ ಆ ಅರ್ಜಿ ಜರ್ಮನಿಯ ಒಂದು ತಂಡದ ಕೈಗೂ ಹೋಗಿತ್ತು. ಅವರು ಓದಿ, ಚೆನ್ನಾಗಿದೆಯಲ್ಲ ಅನ್ನಿಸಿ, ತಾವೇ ಒಂದು ಮಾದರಿ ಕಟ್ಟೋಕೆ ಶುರು ಮಾಡಿದರು! ಅಮೆರಿಕದಲ್ಲಿ ಬೇಡವಾದದ್ದು ಜರ್ಮನಿಯಲ್ಲಿ ಮೊದಲು ಬೆಳೆಯಿತು. 1975ರ ಹೊತ್ತಿಗೆ ಎನ್‌ಎಸ್‌ಎಫ್ ಸಣ್ಣದೊಂದು ಮೊತ್ತ ಕೊಟ್ಟಿತು. ಎಂಐಟಿಯಲ್ಲಿ ಒಂದೂವರೆ ಮೀಟರ್ ಉದ್ದದ ಮಾದರಿ ಎದ್ದಿತು.

ಅದೇ 1975ರಲ್ಲಿ ವಾಷಿಂಗ್ಟನ್‌ನಲ್ಲಿ ಒಂದು ಸಭೆ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯ ಭೌತವಿಜ್ಞಾನಿ ಕಿಪ್ ಥಾರ್ನ್ ಅವರನ್ನು ವೈಸ್ ಕರೆಸಿದ್ದರು. ಥಾರ್ನ್‌ಗೆ ಹೋಟೆಲ್ ರೂಮ್ ಸಿಗದೆ ಇಬ್ಬರೂ ಒಂದೇ ರೂಮಿನಲ್ಲಿ ಉಳಿದರು, ರಾತ್ರಿಯಿಡೀ ಮಾತಾಡಿದರು. ಎರಡೇ ವರ್ಷದ ಹಿಂದೆ ಥಾರ್ನ್ ಸಹಲೇಖಕರಾಗಿದ್ದ ಪಠ್ಯಪುಸ್ತಕವೊಂದರಲ್ಲಿ, ಬೆಳಕಿನ ಈ ವಿಧಾನಕ್ಕೆ ಅಷ್ಟು ಸೂಕ್ಷ್ಮತೆ ಇಲ್ಲ, ಇದರಿಂದ ಪ್ರಯೋಜನ ಕಮ್ಮಿ ಅಂತ ಅಚ್ಚಾಗಿತ್ತು. ಮನುಷ್ಯ ಮನಸ್ಸು ಬದಲಾಯಿಸಿಕೊಂಡರು. ಕ್ಯಾಲ್‌ಟೆಕ್ ಗ್ಲ್ಯಾಸ್ಗೋದಿಂದ ರಾನ್ ಡ್ರೆವರ್ ಅನ್ನೋ ಅಪ್ಪಟ ಪ್ರಯೋಗವೀರನನ್ನು ಕರೆತಂದಿತು, 40 ಮೀಟರ್ ಉದ್ದದ ಮಾದರಿ ಕಟ್ಟಿಸಿತು.

ಮೇಜಿನ ಆಚೆ ಕೂತವನು

ನೊಬೆಲ್ ಭಾಷಣಗಳ ಆಚೆ ಜಾಸ್ತಿ ಕೇಳಿಬರದ ಒಂದು ಹೆಸರಿದೆ: ರಿಚ್ ಐಸಾಕ್ಸನ್. ಎನ್‌ಎಸ್‌ಎಫ್‌ನಲ್ಲಿ ಗುರುತ್ವ ಭೌತಶಾಸ್ತ್ರದ ಅನುದಾನ ನೋಡಿಕೊಳ್ಳುತ್ತಿದ್ದ ಕಾರ್ಯಕ್ರಮಾಧಿಕಾರಿ. 1970ರ ದಶಕದ ಮೊದಲ ಭಾಗದಲ್ಲಿ ಆ ಕಚೇರಿ ಸೇರಿದವರು, ಯಂತ್ರಗಳು ಎದ್ದು ನಿಲ್ಲುವ ತನಕ ಅಲ್ಲೇ ಇದ್ದರು. ಸುಮ್ನೆ ಫೈಲು ದಾಟಿಸುವ ಮನುಷ್ಯ ಅಲ್ಲ. ಗುರುತ್ವ ಅಲೆ ನಿಜವಾಗಿ ಶಕ್ತಿ ಹೊತ್ತೊಯ್ಯುತ್ತದೆ ಅನ್ನೋದನ್ನು ಗಣಿತದಲ್ಲಿ ಗಟ್ಟಿಯಾಗಿ ತೋರಿಸಿದ 1968ರ ಪ್ರಬಂಧಗಳು ಅವರವೇ. ಪಿಎಚ್‌ಡಿ ಮಾಡಿದ್ದು ಮೇರಿಲ್ಯಾಂಡಿನಲ್ಲಿ, ಚಾರ್ಲ್ಸ್ ಮಿಸ್ನರ್ ಕೈಕೆಳಗೆ.

ಇಲ್ಲೊಂದು ನಮ್ಮೂರಿನ ನಂಟಿದೆ. ಅದೇ ಕಾಲದಲ್ಲಿ, ಅದೇ ಮಿಸ್ನರ್ ಬಳಿ ಪಿಎಚ್‌ಡಿ ಮಾಡುತ್ತಿದ್ದ ಇನ್ನೊಬ್ಬರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಕಪ್ಪು ರಂಧ್ರವನ್ನು ಕೆಣಕಿದರೆ ಅದು ಅದರದ್ದೇ ಆದ ಒಂದು ಸ್ವರದಲ್ಲಿ ಮಿಡಿದು ಬೇಗನೆ ಸುಮ್ಮನಾಗುತ್ತದೆ ಅಂತ 1970ರಲ್ಲಿ ತೋರಿಸಿದವರು ಇವರು. ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾದರು. ನಮ್ಮಲ್ಲಿ ಎಷ್ಟೋ ಜನ ಶಾಲೆಯಿಂದ ಟೂರ್ ಹೋಗಿ ಕತ್ತಲಲ್ಲಿ ತಲೆ ಎತ್ತಿ ನಕ್ಷತ್ರ ನೋಡಿದ್ದು ಅಲ್ಲೇ, ಅಲ್ವಾ? 2016ರಲ್ಲಿ ಪ್ರಕಟವಾದ ಆ ಅಲೆಯ ಬಾಲದ ತುದಿಯಲ್ಲಿದ್ದದ್ದು ಅವರು ಲೆಕ್ಕ ಹಾಕಿದ್ದ ಥರದ್ದೇ ಮಿಡಿತ. ಅದನ್ನು ನೋಡೋಕೆ ಅವರಿದ್ದರು. ತೀರಿಕೊಂಡಿದ್ದು 2017ರ ಜನವರಿಯಲ್ಲಿ.

ಐಸಾಕ್ಸನ್ ವಿಷಯಕ್ಕೆ ಬರೋಣ. ಅನುದಾನ ಕಚೇರಿಗಳಲ್ಲಿ ಸಾಮಾನ್ಯವಾಗಿ ಆಗೋದೇನು? ಅಧಿಕಾರಿ ಎರಡು ಮೂರು ವರ್ಷಕ್ಕೆ ಬದಲಾಗುತ್ತಾರೆ. ಹೊಸಬರು ಬಂದು ಹಳೇ ಫೈಲು ಓದುತ್ತಾರೆ, ಇದ್ಯಾರು ಇಷ್ಟು ವರ್ಷದಿಂದ ಏನೂ ಕಂಡುಹಿಡಿಯದೆ ದುಡ್ಡು ತಿನ್ನುತ್ತಿದ್ದಾರೆ ಅನ್ನಿಸುತ್ತದೆ, ಕೈಬಿಡುತ್ತಾರೆ. ಲೈಗೋ ವಿಷಯದಲ್ಲಿ ಹಾಗಾಗಲಿಲ್ಲ. ಮೊದಲ ಒಂದೂವರೆ ಮೀಟರ್ ಮಾದರಿ ಯಾಕೆ ಸೋತಿತು, 40 ಮೀಟರಿನದ್ದು ಎಲ್ಲಿ ತಡವರಿಸಿತು, ಯಾರು ಬಾಯಿಬಡುಕ, ಯಾರ ಮಾತಿಗೆ ತೂಕ ಇದೆ, ಎಲ್ಲವೂ ಒಂದೇ ತಲೆಯಲ್ಲಿ ಇತ್ತು. ಎಂಐಟಿ ಒಂದು ಕಡೆ, ಕ್ಯಾಲ್‌ಟೆಕ್ ಒಂದು ಕಡೆ ಅಂತ ಪೈಪೋಟಿ ಶುರುವಾದಾಗ, ಇಬ್ಬರಿಗೂ ಬೇರೆ ಬೇರೆ ಕೊಡೋಕೆ ಆಗಲ್ಲ, ಒಂದಾಗಿ ಬನ್ನಿ ಅಂತ ಎನ್‌ಎಸ್‌ಎಫ್ ಪಟ್ಟು ಹಿಡಿಯಿತು. 1984ರಲ್ಲಿ ವೈಸ್, ಥಾರ್ನ್, ಡ್ರೆವರ್ ಮೂವರೂ ಒಂದೇ ಯೋಜನೆಯಡಿ ಬಂದರು. ಮದುವೆ ಪ್ರೀತಿಯದ್ದಲ್ಲ, ಹಿರಿಯರು ಕೂಡಿಸಿ ಮಾಡಿಸಿದ್ದು.

ಮದುವೆ ಕಷ್ಟದ್ದೇ ಆಯಿತು. ವೈಸ್ ಎಲ್ಲವನ್ನೂ ಮೊದಲೇ ಯೋಜನೆ ಹಾಕಿ ಮುಂದುವರಿಯೋ ಸ್ವಭಾವದವರು, ಡ್ರೆವರ್ ಕೈಯಾಡಿಸುತ್ತಾ ದಿನಕ್ಕೊಂದು ಹೊಸ ಉಪಾಯ ಹುಡುಕುವವರು, ಥಾರ್ನ್ ಇವರಿಬ್ಬರ ನಡುವೆ ಸಿಕ್ಕಿಕೊಂಡ ಸಿದ್ಧಾಂತಿ. ಮೂವರೂ ಒಪ್ಪಿದರೆ ಮಾತ್ರ ತೀರ್ಮಾನ ಅಂತ ನಿಯಮ. ಮೂವರೂ ಒಪ್ಪುವುದು ಅಪರೂಪ.

ಸಣ್ಣದಾಗಿ ಶುರು ಮಾಡೋಕೆ ಬರದ ಕೆಲಸ

ಇಲ್ಲಿ ಒಂದು ತಾಂತ್ರಿಕ ಸಂಗತಿ ಹೇಳಲೇಬೇಕು. ಯಾಕೆಂದರೆ ಅನುದಾನದ ಕಷ್ಟವೆಲ್ಲ ಹುಟ್ಟಿದ್ದು ಅಲ್ಲಿಂದ. ಅಲೆ ಬಂದಾಗ ಆಗುವ ಹಿಗ್ಗು ಕುಗ್ಗು ಉದ್ದಕ್ಕೆ ತಕ್ಕ ಹಾಗೆ ಇರುತ್ತದೆ. ಉದ್ದ ನೂರು ಪಟ್ಟು ಜಾಸ್ತಿಯಾದರೆ ವ್ಯತ್ಯಾಸವೂ ನೂರು ಪಟ್ಟು. ಅಂದರೆ 40 ಮೀಟರಿನ ಮಾದರಿಯಲ್ಲಿ ತಂತ್ರ ಕಲಿಯಬಹುದೇ ಹೊರತು ಅಲೆ ಸಿಗೋದಿಲ್ಲ. ಇನ್ನೊಂದು, ಯಂತ್ರ ಒಂದೇ ಇದ್ದರೆ ಸಿಕ್ಕಿದ್ದು ಅಲೆಯೋ ಪಕ್ಕದ ರಸ್ತೆಯ ಲಾರಿಯೋ ಹೇಳೋಕಾಗಲ್ಲ. ಸಾವಿರಾರು ಕಿಲೋಮೀಟರ್ ದೂರದಲ್ಲಿ ಎರಡು ಬೇಕು, ಎರಡರಲ್ಲೂ ಒಂದೇ ಸದ್ದು ಕೇಳಬೇಕು. ಸ್ವಲ್ಪ ಕೊಡುತ್ತೇವೆ, ಫಲಿತಾಂಶ ತೋರಿಸಿ, ಆಮೇಲೆ ಇನ್ನಷ್ಟು ಕೊಡುತ್ತೇವೆ ಅನ್ನುವ ಮಾಮೂಲಿ ದಾರಿ ಇಲ್ಲಿ ನಡೆಯೋದಿಲ್ಲ. ಕಟ್ಟಿದರೆ ಪೂರ್ತಿ, ಅದೂ ಜೋಡಿಯಾಗಿ.

ನಾಸಾ ಅಥವಾ ಇಂಧನ ಇಲಾಖೆಗೆ ಇಂಥ ದೊಡ್ಡ ಕಟ್ಟೋಣ ಹೊಸದಲ್ಲ. ಎನ್‌ಎಸ್‌ಎಫ್ ಹಾಗಲ್ಲ. ಒಬ್ಬೊಬ್ಬ ಪ್ರೊಫೆಸರಿಗೆ, ಒಂದಿಬ್ಬರು ವಿದ್ಯಾರ್ಥಿಗಳ ಸಂಬಳಕ್ಕೆ ಅಂತ ಸಣ್ಣ ಸಣ್ಣ ಮೊತ್ತ ಹಂಚುವುದೇ ಅದರ ಮುಖ್ಯ ಕೆಲಸ. ಅಂಥ ಕಡೆ ಒಬ್ಬನೇ ಬಂದು ಕೋಟಿಗಟ್ಟಲೆ ಕೇಳಿದರೆ ಉಳಿದವರ ಎದೆ ಧಸಕ್ಕನ್ನದೆ ಇರುತ್ತದಾ?

1986ರ ನವೆಂಬರ್‌ನಲ್ಲಿ ಎನ್‌ಎಸ್‌ಎಫ್ ಒಂದು ಗಟ್ಟಿ ಸಮಿತಿಯನ್ನು ಕೂರಿಸಿತು. ಅದರಲ್ಲಿ ರಿಚರ್ಡ್ ಗಾರ್ವಿನ್ ಇದ್ದರು, ವೆಬರ್ ಹೇಳಿದ್ದನ್ನು ತಾವೇ ಉರುಳೆ ಮಾಡಿ ಪರೀಕ್ಷಿಸಿ ಸುಳ್ಳು ಅಂತ ತೋರಿಸಿದವರಲ್ಲಿ ಒಬ್ಬರು. ಮೋಸ ಹೋಗುವ ಪೈಕಿ ಅಲ್ಲವೇ ಅಲ್ಲ. ಸಮಿತಿ ದಿನಗಟ್ಟಲೆ ಕೂತು ಎಲ್ಲ ಕೇಳಿತು. ವಿಜ್ಞಾನ ಸರಿಯಿದೆ ಅಂದಿತು. ಎರಡೂ ಯಂತ್ರ ಒಟ್ಟಿಗೇ ಕಟ್ಟಿ ಅಂದಿತು. ಜೊತೆಗೆ, ಮೂವರ ಆಡಳಿತ ಸಾಕು, ಒಬ್ಬ ನಿರ್ದೇಶಕ ಬೇಕು ಅಂತ ಹೇಳಿತು. ನಿಮ್ಮ ಕನಸು ಒಪ್ಪಿದ್ದೇವೆ, ನಿಮ್ಮ ಆಡಳಿತ ಒಪ್ಪಿಲ್ಲ. 1987ರಲ್ಲಿ ಕ್ಯಾಲ್‌ಟೆಕ್‌ನ ರೋಬಿ ವೋಗ್ಟ್ ನಿರ್ದೇಶಕರಾದರು.

ವಿರೋಧಿಸಿದವರು ದಡ್ಡರಾಗಿರಲಿಲ್ಲ

1991ರಲ್ಲಿ ವಿಷಯ ಅಮೆರಿಕದ ಸಂಸತ್ತಿಗೆ ಹೋಯಿತು. ಮಾರ್ಚ್‌ನಲ್ಲಿ ಸಮಿತಿಯ ಮುಂದೆ ಬಂದು ಲೈಗೋ ಬೇಡ ಅಂದವರು ಬೆಲ್ ಲ್ಯಾಬ್ಸ್‌ನ ಟೋನಿ ಟೈಸನ್. ಇಂಥ ಕಥೆಗಳಲ್ಲಿ ವಿರೋಧಿಗಳನ್ನು ಮುಂದಾಲೋಚನೆ ಇಲ್ಲದವರು ಅಂತ ಚಿತ್ರಿಸುವುದು ರೂಢಿ. ಇಲ್ಲಿ ಆ ಸೌಲಭ್ಯ ಇಲ್ಲ. ಟೈಸನ್ ಕೂಡ ಸ್ವತಃ ಉರುಳೆ ಕಟ್ಟಿ ಗುರುತ್ವ ಅಲೆ ಹುಡುಕಿದ್ದವರು. ಎಷ್ಟು ಕಷ್ಟ ಅಂತ ಕೈಯಾರೆ ಗೊತ್ತಿತ್ತು. ತಂತ್ರಜ್ಞಾನ ಇನ್ನೂ ಮಾಗಿಲ್ಲ, ಮಾದರಿಯಲ್ಲಿ ಸಾಧಿಸಿದ್ದಕ್ಕೂ ಬೇಕಾದದ್ದಕ್ಕೂ ಅಜಗಜಾಂತರ ಇದೆ ಅನ್ನೋದು ಅವರ ವಾದ. ಪ್ರಿನ್ಸ್‌ಟನ್‌ನ ಜೆರೆಮಿಯಾ ಓಸ್ಟ್ರೈಕರ್ ಥರದ ಹೆಸರಾಂತ ಖಗೋಳ ವಿಜ್ಞಾನಿಗಳೂ ವಿರೋಧಿಸಿದರು. ಖಂಡಿತ ಕೆಲಸ ಮಾಡುವ ದೂರದರ್ಶಕಗಳಿಗೇ ದುಡ್ಡಿಲ್ಲದಿರುವಾಗ ಇದ್ಯಾಕೆ ಅನ್ನುವುದು ಅವರ ಸಿಟ್ಟು.

ನನ್ನ ಪ್ರಕಾರ 1991ರ ಲೆಕ್ಕದಲ್ಲಿ ಅವರು ಹೇಳಿದ್ದು ಬಹುಪಾಲು ಸರಿಯೇ. ಮೊದಲ ಯಂತ್ರಕ್ಕೆ ಅಲೆ ಸಿಗಲೂ ಇಲ್ಲ. ಅವರು ತಪ್ಪಿದ್ದು ಒಂದೇ ಕಡೆ. ತಂತ್ರ ಮಾಗಿದ ಮೇಲೆ ಕಟ್ಟಿ ಅಂದರು. ಆದರೆ ಈ ತಂತ್ರ ಮಾಗುವುದಕ್ಕೆ ನಾಲ್ಕು ಕಿಲೋಮೀಟರಿನ ಯಂತ್ರವನ್ನೇ ಕಟ್ಟಿ, ಅದರ ಜೊತೆ ಗುದ್ದಾಡಬೇಕಿತ್ತು. ಅಂದಹಾಗೆ, ಟೈಸನ್ ಮುಂದೆ ಚಿಲಿಯ ರೂಬಿನ್ ವೀಕ್ಷಣಾಲಯಕ್ಕೆ ಮುಖ್ಯ ವಿಜ್ಞಾನಿಯಾದರು. ಅದೂ ಎನ್‌ಎಸ್‌ಎಫ್ ದುಡ್ಡು ಹಾಕಿದ ದೈತ್ಯ ಯೋಜನೆಯೇ.

ದುಡ್ಡು ಬಂದದ್ದು ಬರೀ ವಿಜ್ಞಾನದ ಬಲದಿಂದ ಅಂತ ನಂಬಬೇಡಿ. 1991ರಲ್ಲಿ ಮೊದಲ ವರ್ಷಕ್ಕೆ ಅಂತ 2.3 ಕೋಟಿ ಡಾಲರ್ ಮಂಜೂರಾಯಿತು. 1992ರಲ್ಲಿ ಜಾಗ ಘೋಷಣೆಯಾಯಿತು: ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫೋರ್ಡ್, ಲೂಸಿಯಾನಾದ ಲಿವಿಂಗ್‌ಸ್ಟನ್. ಲೂಸಿಯಾನಾದ ಸೆನೆಟರ್ ಬೆನೆಟ್ ಜಾನ್‌ಸ್ಟನ್ ಹಣ ಹಂಚುವ ಸಮಿತಿಯಲ್ಲಿದ್ದರು. ವೋಗ್ಟ್ ಅವರನ್ನು ಭೇಟಿಯಾಗಿ ಬ್ರಹ್ಮಾಂಡದ ಕಥೆ ಹೇಳಿ ಒಲಿಸಿಕೊಂಡರು ಅನ್ನೋದು ಆ ಬಳಗದಲ್ಲಿ ಇವತ್ತಿಗೂ ಹೇಳುವ ಮಾತು. ಜಾಗ ಸಿಗದ ರಾಜ್ಯಗಳವರು ಮುನಿಸಿಕೊಂಡರು. ಎಲ್ಲಾ ಕಡೆ ಇದ್ದದ್ದೇ.

ದುಡ್ಡು ನಿಲ್ಲಿಸಿದ ಧೈರ್ಯ

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸೋ ವರ್ಷ 2015 ಅಲ್ಲ, 1993. ಒಳಗೆ ಜಗಳ ಜೋರಾಗಿತ್ತು. 1992ರಲ್ಲಿ ಡ್ರೆವರ್ ಅವರನ್ನು ಯೋಜನೆಯಿಂದ ಹೊರಗಿಟ್ಟಿದ್ದರು. ವೋಗ್ಟ್ ಕೆಲಸಗಾರ ನಿಜ, ಆದರೆ ಮೇಲಿನವರು ವರದಿ, ವಿವರ ಕೇಳುವುದನ್ನು ಸಹಿಸದ ಮನುಷ್ಯ. ಕಟ್ಟೋ ತಂಡ ಎಷ್ಟಿರಬೇಕು, ವೇಳಾಪಟ್ಟಿ ಏನು, ವೆಚ್ಚದ ಹಿಡಿತ ಹೇಗೆ ಅನ್ನುವುದಕ್ಕೆ ಎನ್‌ಎಸ್‌ಎಫ್‌ಗೆ ತೃಪ್ತಿಯಾಗುವ ಉತ್ತರ ಸಿಗಲಿಲ್ಲ. ಆಗ ಅದು ಖರ್ಚಿಗೆ ತಡೆ ಹಾಕಿತು.

ಯೋಚನೆ ಮಾಡಿ. ಸಂಸತ್ತಿನಲ್ಲಿ ಹೋರಾಡಿ ತಂದ ದುಡ್ಡು. ತಡೆದರೆ ಯೋಜನೆಯೇ ಸತ್ತು ಹೋಗಬಹುದು, ವಿರೋಧಿಗಳು ನಾವು ಅವತ್ತೇ ಹೇಳಿರಲಿಲ್ವಾ ಅನ್ನುತ್ತಾರೆ. ಇಂಥ ಕಡೆ ಬಹಳ ಕಚೇರಿಗಳು ಹೇಗೋ ನಡೀಲಿ ಅಂತ ಕಂಡೂ ಕಾಣದ ಹಾಗಿರುತ್ತವೆ. ಎನ್‌ಎಸ್‌ಎಫ್ ಹಾಗಿರಲಿಲ್ಲ. 1994ರಲ್ಲಿ ವೋಗ್ಟ್ ಇಳಿದರು, ಬ್ಯಾರಿ ಬ್ಯಾರಿಷ್ ಬಂದರು.

ಬ್ಯಾರಿಷ್ ಕಣ ಭೌತಶಾಸ್ತ್ರದವರು. ಟೆಕ್ಸಸ್‌ನಲ್ಲಿ ಕಟ್ಟುತ್ತಿದ್ದ ಎಸ್‌ಎಸ್‌ಸಿ ಅನ್ನುವ ದೈತ್ಯ ಕಣವೇಗವರ್ಧಕದಲ್ಲಿ ಒಂದು ದೊಡ್ಡ ಪ್ರಯೋಗದ ನೇತೃತ್ವ ವಹಿಸಿದ್ದರು. ಸುಮಾರು 200 ಕೋಟಿ ಡಾಲರ್ ಸುರಿದ ಮೇಲೆ 1993ರ ಅಕ್ಟೋಬರ್‌ನಲ್ಲಿ ಸಂಸತ್ತು ಅದನ್ನು ರದ್ದು ಮಾಡಿತ್ತು. ದೊಡ್ಡ ಯೋಜನೆ ಹೇಗೆ ಸಾಯುತ್ತದೆ ಅಂತ ಹತ್ತಿರದಿಂದ ನೋಡಿದ್ದವರು. ಅಲ್ಲಿ ಕೆಲಸ ಕಳೆದುಕೊಂಡ ಪಳಗಿದ ಜನರೂ ಲೈಗೋಗೆ ಸಿಕ್ಕರು. ಬಂದವರೇ ಲೆಕ್ಕ ಮೊದಲಿನಿಂದ ಹಾಕಿದರು. ತಂಡ ಸಾಲದು, ದುಡ್ಡು ಸಾಲದು, ಇನ್ನೂ ಬೇಕು ಅಂದರು! ಜುಗ್ಗತನದಿಂದ ಶುರು ಮಾಡಿ ನಡುವೆ ಕೈಚಾಚುವ ಬದಲು ಈಗಲೇ ನಿಜ ಹೇಳುವುದು ವಾಸಿ ಅನ್ನೋ ಧಾಟಿ. 1994ರಲ್ಲಿ ಒಪ್ಪಿಗೆಯಾದ ಬಜೆಟ್ 39.5 ಕೋಟಿ ಡಾಲರ್. ಎನ್‌ಎಸ್‌ಎಫ್ ಚರಿತ್ರೆಯಲ್ಲಿ ಅಲ್ಲಿಯವರೆಗೆ ಅಷ್ಟು ದೊಡ್ಡ ಯೋಜನೆ ಇರಲಿಲ್ಲ.

ಬ್ಯಾರಿಷ್ ಕೆಲಸವನ್ನು ಎರಡು ಹಂತ ಮಾಡಿದರು. ಮೊದಲ ಹಂತದಲ್ಲಿ ಅಲೆ ಸಿಕ್ಕರೆ ಸಿಗಬಹುದು, ಸಿಗದೆಯೂ ಇರಬಹುದು. ಎರಡನೇ ಹಂತದಲ್ಲಿ ಸಿಗುವ ಸಾಧ್ಯತೆ ಚೆನ್ನಾಗಿದೆ. ಇದನ್ನು ಮುಚ್ಚಿಡಲಿಲ್ಲ. ಕಟ್ಟಡ, ಕೊಳವೆ, ನಿರ್ವಾತ ವ್ಯವಸ್ಥೆಯನ್ನೆಲ್ಲ ಎರಡನೇ ಹಂತಕ್ಕೂ ಸಾಲುವಷ್ಟು ಗಟ್ಟಿಯಾಗಿ ಮೊದಲೇ ಕಟ್ಟಿ, ಒಳಗಿನ ಕನ್ನಡಿ, ಲೇಸರ್ ಮಾತ್ರ ಆಮೇಲೆ ಬದಲಾಯಿಸುವುದು ಅಂತ ಯೋಜನೆ.

ಯಾರ್ಯಾರು ಬೇಕಾದರು

ಅಂತರಶಿಸ್ತೀಯ ಸಂಶೋಧನೆ ಅಂತ ನಮ್ಮಲ್ಲಿ ಸೆಮಿನಾರು ಬ್ಯಾನರುಗಳ ಮೇಲೆ ಬಹಳ ನೋಡುತ್ತೇವೆ. ಎರಡು ವಿಭಾಗದವರು ಒಂದೇ ವೇದಿಕೆ ಮೇಲೆ ಕೂತು ಕಾಫಿ ಕುಡಿದರೆ ಅದಕ್ಕೂ ಆ ಹೆಸರು. ಲೈಗೋದಲ್ಲಿ ವೈಸ್ 1972ರಲ್ಲಿ ಬರೆದ ಅಡ್ಡಿಗಳ ಪಟ್ಟಿಯೇ ಯಾರನ್ನು ಕರೆಯಬೇಕು ಅಂತ ತೀರ್ಮಾನಿಸಿತು. ಅಡ್ಡಿ ಒಂದೊಂದಕ್ಕೂ ಅದರದ್ದೇ ಕಸುಬಿನವರು ಬೇಕಾದರು.

ಕೊಳವೆಯನ್ನೇ ತೆಗೆದುಕೊಳ್ಳಿ. 1.2 ಮೀಟರ್ ಅಗಲ, ಮೂರು ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಹಾಳೆಯನ್ನು ಸುರುಳಿ ಸುತ್ತಿ ಬೆಸುಗೆ ಹಾಕಿದ್ದು. ಒಳಗಿನ ಗಾಳಿ ವಾತಾವರಣದ ಒತ್ತಡದ ಲಕ್ಷ ಕೋಟಿಯ ಒಂದು ಭಾಗಕ್ಕೆ ಇಳಿಯಬೇಕು. ಕಿಲೋಮೀಟರ್‌ಗಟ್ಟಲೆ ಬೆಸುಗೆಯಲ್ಲಿ ಎಲ್ಲೂ ಒಂದು ಸೂಜಿ ಮೊನೆಯಷ್ಟೂ ಸೋರಬಾರದು. ಇನ್ನು ಭೂಮಿ ಗುಂಡಗಿದೆ, ಬೆಳಕು ನೇರ ಹೋಗುತ್ತದೆ. ನಾಲ್ಕು ಕಿಲೋಮೀಟರಿಗೆ ನೆಲ ಒಂದು ಮೀಟರಿಗಿಂತ ಜಾಸ್ತಿ ಬಾಗುತ್ತದೆ, ಅದನ್ನು ಲೆಕ್ಕ ಹಿಡಿದು ಅಡಿಪಾಯ ಹಾಕಬೇಕು. ಇದು ಸಿವಿಲ್ ಎಂಜಿನಿಯರುಗಳ ಪಾಲು. ನಲವತ್ತು ಕೆಜಿ ತೂಕದ ಗಾಜಿನ ಕನ್ನಡಿಯನ್ನು ಅರ್ಧ ಮಿಲಿಮೀಟರಿಗಿಂತ ತೆಳ್ಳಗಿನ ಗಾಜಿನ ಎಳೆಗಳಲ್ಲೇ ತೂಗುಹಾಕುವ ವಿದ್ಯೆ ಗ್ಲ್ಯಾಸ್ಗೋದವರದ್ದು, ಜರ್ಮನಿಯ ಜಿಯೋ600 ಯಂತ್ರದಲ್ಲಿ ಮೊದಲು ಪಳಗಿದ್ದು. ಎರಡು ಕಪ್ಪು ರಂಧ್ರ ಡಿಕ್ಕಿ ಹೊಡೆದರೆ ಅಲೆಯ ಆಕಾರ ಹೇಗಿರುತ್ತದೆ ಅಂತ ಕಂಪ್ಯೂಟರಿನಲ್ಲಿ ಬಿಡಿಸೋಕೆ ದಶಕಗಳ ಕಾಲ ಒದ್ದಾಡಿದರು, 2005ರಲ್ಲಿ ಫ್ರಾನ್ಸ್ ಪ್ರಿಟೋರಿಯಸ್ ಅನ್ನೋ ವಿಜ್ಞಾನಿ ಮೊದಲು ಬಿಡಿಸಿದರು. ಗದ್ದಲದ ನಡುವಿನಿಂದ ಅಲೆಯನ್ನು ಹೆಕ್ಕುವ ಲೆಕ್ಕದಲ್ಲಿ ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದ ಸಂಜೀವ್ ಧುರಂಧರ್ ತಂಡ, ಅಲೆಯ ಆಕಾರದ ಗಣಿತದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಾಲಾ ಅಯ್ಯರ್ ಮೊದಲಿನಿಂದ ಇದ್ದವರು. ಹ್ಯಾನ್‌ಫೋರ್ಡ್ ಮರುಭೂಮಿಯಲ್ಲಿ ಒಣಗಿದ ಮುಳ್ಳುಗಿಡಗಳು ಗಾಳಿಗೆ ಉರುಳಿ ಬಂದು ಕೊಳವೆಯ ಪಕ್ಕ ರಾಶಿ ಬೀಳುತ್ತವೆ. ಅವನ್ನು ಒತ್ತಿ ಮೂಟೆ ಕಟ್ಟೋಕೆ ಹುಲ್ಲು ಕಟ್ಟುವ ಯಂತ್ರ ಇಟ್ಟುಕೊಂಡಿದ್ದಾರೆ. ಅದೂ ಅನುದಾನದ ಖರ್ಚೇ ತಾನೆ!

1997ರಲ್ಲಿ ಬ್ಯಾರಿಷ್ ಇನ್ನೊಂದು ಕೆಲಸ ಮಾಡಿದರು. ಯಂತ್ರ ಕಟ್ಟಿ ನಡೆಸುವ ಸಂಸ್ಥೆ ಬೇರೆ, ಅದರ ವಿಜ್ಞಾನ ಮಾಡುವ ಬಳಗ ಬೇರೆ ಅಂತ ವಿಂಗಡಿಸಿದರು. ಬಳಗಕ್ಕೆ ಯಾವ ದೇಶದವರು ಬೇಕಾದರೂ ಬರಬಹುದು. 2016ರ ಪ್ರಬಂಧಕ್ಕೆ ಸಾವಿರದಷ್ಟು ಲೇಖಕರು ಇದ್ದದ್ದು ಹೀಗೆ.

ಏನೂ ಸಿಗದ ವರ್ಷಗಳು

2002ರಿಂದ 2010ರವರೆಗೆ ಮೊದಲ ಹಂತದ ಯಂತ್ರ ಬಿಟ್ಟು ಬಿಟ್ಟು ಆಲಿಸಿತು. ಒಂದೇ ಒಂದು ಅಲೆ ಸಿಗಲಿಲ್ಲ. ಸಾಮಾನ್ಯ ಲೆಕ್ಕದಲ್ಲಿ ಇದು ಸೋಲು. ಆದರೂ 2008ರಲ್ಲಿ ಎರಡನೇ ಹಂತಕ್ಕೆ ಎನ್‌ಎಸ್‌ಎಫ್ 20.5 ಕೋಟಿ ಡಾಲರ್ ಕೊಟ್ಟಿತು. ಜರ್ಮನಿ, ಬ್ರಿಟನ್, ಆಸ್ಟ್ರೇಲಿಯಾ ಕೂಡ ಕೈಜೋಡಿಸಿದವು. ಹೇಗೆ?

ಒಪ್ಪಂದದಲ್ಲಿ ಅಲೆ ಹಿಡಿಯುತ್ತೇವೆ ಅಂತ ಮಾತು ಕೊಟ್ಟಿರಲಿಲ್ಲ. ಇಂತಿಂಥ ಆವರ್ತನದಲ್ಲಿ ಇಷ್ಟು ಸಣ್ಣ ವ್ಯತ್ಯಾಸವನ್ನು ಅಳೆಯಬಲ್ಲ ಯಂತ್ರ ಕಟ್ಟಿ ಕೊಡುತ್ತೇವೆ ಅಂತ ಮಾತು ಕೊಟ್ಟಿದ್ದರು. ಆ ಸೂಕ್ಷ್ಮತೆಯನ್ನು 2005ರಲ್ಲಿ ಮುಟ್ಟಿದರು. ಆಕಾಶ ಸಹಕರಿಸಲಿಲ್ಲ ಅನ್ನೋದು ಬೇರೆ ಮಾತು, ಯಂತ್ರ ಪಾಸಾಗಿತ್ತು. ಇಡೀ ಪ್ರಕರಣದಲ್ಲಿ ನನಗೆ ಕಾಣುವ ಜಾಣತನ ಇದೇ. ಮನುಷ್ಯನ ಕೈಯಲ್ಲಿ ಇರುವುದಕ್ಕೆ ಮಾತ್ರ ಮಾತು ಕೊಟ್ಟು, ಅದನ್ನು ಹೊರಗಿನವರು ಅಳೆದು ನೋಡುವ ಹಾಗೆ ಅಂಕಿಯಲ್ಲಿ ಬರೆದು, ಸಿಗುವ ಸಾಧ್ಯತೆಯನ್ನು ಪಕ್ಕದಲ್ಲಿ ಪ್ರಾಮಾಣಿಕವಾಗಿ ನಮೂದಿಸಿದ್ದು.

ಇದನ್ನು ಯುರೋಪಿನ ಮಾನವ ಮೆದುಳು ಯೋಜನೆಯ ಪಕ್ಕ ಇಟ್ಟು ನೋಡಿ. 2013ರಲ್ಲಿ ಆಯ್ಕೆಯಾದಾಗ ಹತ್ತು ವರ್ಷ, ನೂರು ಕೋಟಿ ಯೂರೋ ಅಂತ ದೊಡ್ಡ ಸುದ್ದಿ. ಕಂಪ್ಯೂಟರಿನಲ್ಲಿ ಮನುಷ್ಯನ ಮೆದುಳನ್ನೇ ಕಟ್ಟಿ ತೋರಿಸುವ ಕನಸನ್ನು ಅದರ ರೂವಾರಿ ಹೆನ್ರಿ ಮಾರ್ಕ್ರಮ್ ಹೇಳುತ್ತಾ ಬಂದಿದ್ದರು. ಕಟ್ಟಿದ್ದು ಮೆದುಳು ಹೌದೋ ಅಲ್ಲವೋ ಅಂತ ಯಾವ ಅಳತೆಗೋಲಿನಿಂದ ಹೇಳೋದು? 2014ರ ಜುಲೈನಲ್ಲಿ ನೂರಾರು ನರವಿಜ್ಞಾನಿಗಳು ಬಹಿರಂಗ ಪತ್ರ ಬರೆದು ತಿರುಗಿಬಿದ್ದರು, ಆಡಳಿತ ಬದಲಾಯಿತು, ಗುರಿ ಸಣ್ಣದಾಯಿತು. 2023ರಲ್ಲಿ ಮುಗಿಯಿತು. ಮೆದುಳಿನ ನಕ್ಷೆಯಂಥ ಒಳ್ಳೆಯ ಕೆಲಸಗಳೂ ಅದರಿಂದ ಬಂದವು. ಆದರೆ ಮೊದಲು ಕೊಟ್ಟ ಮಾತು ಕೊನೆಯವರೆಗೂ ಬೆನ್ನು ಬಿಡಲಿಲ್ಲ.

ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಂಡ ಬಗೆಯೂ ನೋಡುವಂಥದ್ದು. 2010ರ ಸೆಪ್ಟೆಂಬರ್‌ನಲ್ಲಿ ಲೈಗೋಗೆ ಒಂದು ಜೋರಾದ ಅಲೆ ಸಿಕ್ಕಿತು. ತಂಡ ತಿಂಗಳುಗಟ್ಟಲೆ ಲೆಕ್ಕ ಹಾಕಿತು, ಪ್ರಬಂಧವನ್ನೂ ಬರೆದು ಮುಗಿಸಿತು. 2011ರ ಮಾರ್ಚ್‌ನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಗುಟ್ಟು ಒಡೆದರು. ಅದು ನಕಲಿ. ನಿಮಗೆ ಕಂಡುಹಿಡಿಯೋಕೆ ಬರುತ್ತದಾ ಅಂತ ನೋಡಲು ಒಳಗಿನ ಕೆಲವೇ ಜನ ಗುಟ್ಟಾಗಿ ಯಂತ್ರದೊಳಗೆ ಸೇರಿಸಿದ್ದ ಸಂಕೇತ. ವೆಬರ್ ಕಾಲದ ಕೆಟ್ಟ ಹೆಸರು ಮತ್ತೆ ಬರಬಾರದು ಅಂತ ಇಷ್ಟೆಲ್ಲ.

ಆದ್ದರಿಂದಲೇ 2015ರ ಸೆಪ್ಟೆಂಬರ್ 14ರಂದು ಜರ್ಮನಿಯ ಹ್ಯಾನೋವರ್‌ನಲ್ಲಿ ಕೂತಿದ್ದ ಯುವ ಸಂಶೋಧಕ ಮಾರ್ಕೋ ಡ್ರಾಗೋ ಪರದೆಯ ಮೇಲೆ ಅಲೆ ಕಂಡಾಗ ಕುಣಿಯಲಿಲ್ಲ. ಇದೂ ಯಾರೋ ಹಾಕಿದ ನಕಲಿ ಇರಬೇಕು ಅಂದುಕೊಂಡರು. ಲಿವಿಂಗ್‌ಸ್ಟನ್‌ನಲ್ಲಿ ಆಗ ಬೆಳಗಿನ ಜಾವ 4:50. ರಾತ್ರಿಯಿಡೀ ಯಂತ್ರ ಅಲುಗಾಡಿಸಿ ಪರೀಕ್ಷೆ ಮಾಡುತ್ತಿದ್ದ ಇಬ್ಬರು ಸುಸ್ತಾಗಿ ಹೊರಟು ಇನ್ನೂ ಒಂದು ಗಂಟೆಯೂ ಆಗಿರಲಿಲ್ಲವಂತೆ. ಇನ್ನೊಂದು ಪರೀಕ್ಷೆ ಮಾಡೇ ಬಿಡೋಣ ಅಂದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ಅಲೆ ಮೊದಲು ಲಿವಿಂಗ್‌ಸ್ಟನ್‌ಗೆ, ಸುಮಾರು 7 ಮಿಲಿಸೆಕೆಂಡ್ ಆದ ಮೇಲೆ ಹ್ಯಾನ್‌ಫೋರ್ಡ್‌ಗೆ ತಾಗಿತ್ತು. ನೂರಾಮೂವತ್ತು ಕೋಟಿ ಬೆಳಕಿನ ವರ್ಷ ದೂರದಲ್ಲಿ, ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪು ರಂಧ್ರಗಳು ಕೂಡಿ 62ರ ಒಂದಾಗಿದ್ದವು. ಉಳಿದ ಮೂರು ಸೂರ್ಯರಷ್ಟು ತೂಕ ಅಲೆಯಾಗಿ ಹೋಗಿತ್ತು. 2016ರ ಫೆಬ್ರವರಿ 11ರಂದು ಜಗತ್ತಿಗೆ ಹೇಳಿದರು. ಮರುವರ್ಷ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿ ಸಿಕ್ಕಾಗ ಸುಮಾರು 70 ವೀಕ್ಷಣಾಲಯಗಳು ಆ ಕಡೆ ಮುಖ ಮಾಡಿದವು. ಹಿಂದೆ ವಿರೋಧಿಸಿದ್ದ ಖಗೋಳ ವಿಜ್ಞಾನಿಗಳ ಜಗತ್ತಿಗೇ ಅದರಿಂದ ವರ್ಷಗಟ್ಟಲೆ ಕೆಲಸ ಸಿಕ್ಕಿತು.

ನೊಬೆಲ್‌ನಲ್ಲಿ ಅರ್ಧ ವೈಸ್‌ಗೆ, ಉಳಿದರ್ಧ ಥಾರ್ನ್ ಮತ್ತು ಬ್ಯಾರಿಷ್‌ಗೆ. ಡ್ರೆವರ್ ಅದೇ ವರ್ಷ ಮಾರ್ಚ್‌ನಲ್ಲಿ ತೀರಿಕೊಂಡಿದ್ದರು.

ಇನ್ನೂ ಮುಚ್ಚದ ಫೈಲು

ಮೂರನೇ ಯಂತ್ರದ ಮಾತು ಹೇಳದಿದ್ದರೆ ಪ್ರಕರಣ ಪೂರ್ತಿಯಾಗಲ್ಲ. ಎರಡನೇ ಹಂತಕ್ಕೆ ಒಟ್ಟು ಮೂರು ಸೆಟ್ ಉಪಕರಣ ಮಾಡಿಸಿದ್ದರು, ಅದರಲ್ಲಿ ಎರಡು ಹ್ಯಾನ್‌ಫೋರ್ಡ್‌ನಲ್ಲೇ ಇರಬೇಕಿತ್ತು. ಒಂದು ಸೆಟ್ ಭಾರತಕ್ಕೆ ಕೊಡೋಣ ಅಂತ ತೀರ್ಮಾನವಾಗಿ, ಅದನ್ನು ಜೋಡಿಸದೆ ಪೆಟ್ಟಿಗೆಯಲ್ಲಿಟ್ಟರು. ನಮ್ಮ ಕೇಂದ್ರ ಸಂಪುಟ ತಾತ್ವಿಕ ಒಪ್ಪಿಗೆ ಕೊಟ್ಟಿದ್ದು 2016ರ ಫೆಬ್ರವರಿ 17ರಂದು, ಸುದ್ದಿ ಬಂದು ಒಂದು ವಾರ ಕಳೆಯುವುದರೊಳಗೆ. ಶಭಾಷ್ ಅನ್ನಬೇಕು. ಕಟ್ಟೋಕೆ 2,600 ಕೋಟಿ ರೂಪಾಯಿಯ ಪೂರ್ಣ ಒಪ್ಪಿಗೆ ಸಿಕ್ಕಿದ್ದು 2023ರ ಏಪ್ರಿಲ್‌ನಲ್ಲಿ. ನಡುವೆ ಏಳು ವರ್ಷ. ಜಾಗ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆ, ಗುರಿ 2030.

ಅಲ್ಲಿ ಅಮೆರಿಕದಲ್ಲಿ, 2025ರ ಮೇ ತಿಂಗಳಲ್ಲಿ ಬಂದ ಎನ್‌ಎಸ್‌ಎಫ್ ಬಜೆಟ್ ಪ್ರಸ್ತಾವದಲ್ಲಿ ಲೈಗೋದ ವಾರ್ಷಿಕ ಖರ್ಚನ್ನು ಸುಮಾರು ಶೇ 40ರಷ್ಟು ಕಡಿದು, ಎರಡರಲ್ಲಿ ಒಂದು ಯಂತ್ರವನ್ನು ಮಾತ್ರ ನಡೆಸಿ ಅಂತ ಬರೆದಿತ್ತು. 1986ರಲ್ಲಿ ಗಾರ್ವಿನ್ ಇದ್ದ ಸಮಿತಿ ಎರಡನ್ನೂ ಒಟ್ಟಿಗೆ ಕಟ್ಟಿ ಅಂತ ಯಾಕೆ ಹೇಳಿತ್ತು ಅನ್ನೋದನ್ನು ಈ ಸಾಲು ಬರೆದವರು ಓದಿದ್ದರೋ ಇಲ್ಲವೋ. ಅಮೆರಿಕದಲ್ಲಿ ಒಂದೇ ಯಂತ್ರ ಉಳಿದರೆ, ಅದರಲ್ಲಿ ಕೇಳಿದ ಸದ್ದನ್ನು ಖಚಿತ ಮಾಡಿಕೊಳ್ಳೋಕೆ ಇಟಲಿಯ ವರ್ಗೋ, ಜಪಾನಿನ ಕಾಗ್ರಾ ಯಂತ್ರಗಳ ಕಡೆ ನೋಡಬೇಕು. ಅವೆರಡರ ಸೂಕ್ಷ್ಮತೆ ಲೈಗೋಗಿಂತ ಕಮ್ಮಿ. ಹಿಂಗೋಲಿಯದ್ದು ಇನ್ನೂ ಎದ್ದು ನಿಲ್ಲಬೇಕಷ್ಟೇ.